ಬಂದರಿನಿಂದ ಬಾರದ ಮೂರನೇ ಪೆಟ್ಟಿಗೆ

ಬೆಸಗರಹಳ್ಳಿಯ ದೇವಿರಮ್ಮ ಮದ್ರಾಸಿಗೆ ಹೋಗುತ್ತಾಳಂತೆ ಎಂಬ ಸುದ್ದಿ ಕೇಳಿ ಊರು ಮೊದಲು ನಕ್ಕಿತು, ಆಮೇಲೆ ಗುಸುಗುಸು ಶುರುಮಾಡಿತು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಒಬ್ಬಳೇ ನಿಂತು ಆರಂಬ ಮಾಡಿಸಿದ ಹೆಂಗಸು ಆಕೆ. ನಾಲೆ ನೀರು ಅವಳ ದಿಣ್ಣೆ ಹೊಲಕ್ಕೆ ಹತ್ತುತ್ತಿರಲಿಲ್ಲ. ಬಾವಿಯಲ್ಲಿ ಮಾತ್ರ ಬೇಸಿಗೆಯಲ್ಲೂ ನೀರು ತುಂಬಿ ನಿಂತಿರುತ್ತಿತ್ತು. ಅದನ್ನು ಮೇಲೆತ್ತಲು ಕಪಿಲೆ ಎಳೆದೂ ಎಳೆದೂ ಎತ್ತುಗಳು ಸೋತುಹೋಗಿದ್ದವು. ಹಾಗಾಗಿ ನೀರೆತ್ತುವ ಎಂಜಿನ್ನೊಂದನ್ನು ವಿಲಾಯಿತಿಯಿಂದ ತರಿಸಬೇಕೆಂದು ಮದ್ದೂರಿನ ಮೆಕ್ಯಾನಿಕ್ ಗಫಾರನ ಕೈಲಿ ಬೆಂಗಳೂರಿನ ಏಜೆಂಟನೊಬ್ಬನಿಗೆ ಬರೆಸಿದ್ದಳು.

ಎಂಜಿನ್ನು ಹಡಗು ಹತ್ತಿದ ಮೇಲೆ ಯುದ್ಧ ಶುರುವಾಯಿತು. ಏಜೆಂಟ ಅಂಗಡಿಗೆ ಬೀಗ ಜಡಿದು ಎಲ್ಲಿಗೋ ಹೋದ. ಮಾಲು ಯಾರ ಹೆಸರಿನಲ್ಲಿದೆಯೋ ಅವರೇ ಬಂದರಿಗೆ ಬಂದು ಬಿಡಿಸಿಕೊಳ್ಳಬೇಕೆಂಬ ಕಾಗದ ಅಂಚೆಯಲ್ಲಿ ಬಂತು.

"ಸಾಬಿ ಜೊತೆ ಓಗ್ತೀಯಾ ಮದ್ರಾಸ್ಗೆ?" ಎಂದ ಮೈದುನ ಕೆಂಪಸಿದ್ದಯ್ಯ. "ಎಂಜಿನ್ನೂ ಇಲ್ಲ ಗಿಂಜಿನ್ನೂ ಇಲ್ಲ. ನಿನ್ ಕಣ್ಗೆ ಮಣ್ ಎರಚ್ತಾವ್ನೆ."

"ಅವನ ಎಂಡ್ರು ಜಾನ್ ಬೀನೂ ಬತ್ತಾಳೆ. ನೀನೂ ಬಾ, ಬ್ಯಾಡ ಅಂದವ್ರ್ಯಾರು?" ಎಂದಳು ದೇವಿರಮ್ಮ. ಕೆಂಪಸಿದ್ದಯ್ಯ ಬರಲಿಲ್ಲ. ಆದರೆ ಅವನ ಮಾತು ಅವಳ ಜೊತೆ ರೈಲು ಹತ್ತಿತು.

ಬಂದರಿನ ಗೇಟಿನಲ್ಲಿ ಪಹರೆಯವನು ಅವಳ ಎಲೆಅಡಿಕೆ ಚೀಲವನ್ನೂ ಬಿಡದೆ ಬಿಚ್ಚಿ ನೋಡಿದ. ಒಳಗೆ ರಂಗೂನಿನ ಹಡಗಿಗೆ ಜನ ಸಾಲುಗಟ್ಟಿ ನಿಂತಿದ್ದರು. ಡಾಕ್ಟರೊಬ್ಬ ಒಬ್ಬೊಬ್ಬರ ಕಣ್ಣುರೆಪ್ಪೆ ಎತ್ತಿ ನೋಡಿ, ಚೀಟಿಗೆ ಮೊಹರು ಹಾಕಿ ಕಳಿಸುತ್ತಿದ್ದ. ಅದರಾಚೆ ಕ್ರೇನೊಂದು ಹಡಗಿನ ಹೊಟ್ಟೆಯೊಳಕ್ಕೆ ಸರಪಳಿ ಇಳಿಬಿಟ್ಟು, ಎತ್ತಿನಗಾಡಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಮಕ್ಕಳ ಆಟಿಕೆಯಂತೆ ಎತ್ತಿ ರೈಲುಡಬ್ಬಿಗೆ ಇಳಿಸುತ್ತಿತ್ತು. ಅಗಲವಾದ ದೋಣಿಯೊಂದು ಹಡಗಿಗೆ ಕುಡಿಯುವ ನೀರು ಒಯ್ಯುತ್ತಿತ್ತು.

"ಇಷ್ಟ್ ನೀರಿನ್ ಮಧ್ಯ ನೀರ್ ಒತ್ಕೊಂಡ್ ಓಯ್ತಾವ್ರಲ್ಲ, ಇದ್ಯಾವ ಮೋಸ?" ಎಂದಳು ದೇವಿರಮ್ಮ.

"ಇದೆಲ್ಲ ಉಪ್ಪುನೀರು ಕಣಮ್ಮ," ಎಂದು ಜಾನ್ ಬೀ ನಕ್ಕಳು. ದೇವಿರಮ್ಮ ನಗಲಿಲ್ಲ. ಬಗ್ಗಿ, ಒದ್ದೆ ಕಲ್ಲನ್ನು ಬೆರಳಲ್ಲಿ ಸವರಿ, ನಾಲಿಗೆಗೆ ತಾಗಿಸಿ ನೋಡಿದಳು. ಉಪ್ಪೇ.

ಉದ್ದನೆಯ ತಗಡಿನ ಶೆಡ್ಡಿನೊಳಗೆ ಗಫಾರ್ ಗುಮಾಸ್ತನೊಂದಿಗೆ ಅರ್ಧ ತಮಿಳು, ಅರ್ಧ ಉರ್ದುವಿನಲ್ಲಿ ಮಾತಿಗಿಳಿದ. ದೇವಿರಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಕಣ್ಣಿತ್ತಲ್ಲ. ಗಫಾರ್ ಮೂರು ಬೆರಳು ತೋರಿಸಿದ. ಗುಮಾಸ್ತ ತಲೆಯಾಡಿಸಿ ಎರಡು ಬೆರಳು ತೋರಿಸಿದ. ದನಿ ಏರಿತು. ಗಫಾರ್ ತಿರುಗಿ ಅವಳ ಮುಖ ನೋಡಿದವನೇ ದನಿ ತಗ್ಗಿಸಿದ. ಆಮೇಲೆ ಒಂದು ಕಾಗದ ತಂದು, "ಇಲ್ಲಿ ಎಬ್ಬೆಟ್ಟು ಒತ್ತೀಮ್ಮ" ಎಂದ.

"ಏನ್ಲಾ ಇದು?"

"ಏನಿಲ್ಲ. ಮಾಮೂಲಿ."

ಎರಡು ಪೆಟ್ಟಿಗೆಗಳಿಗೆ ಸೀಮೆಸುಣ್ಣದ ಗುರುತು ಬಿತ್ತು. ಅವೆರಡೂ ಅವಳ ಕಣ್ಣೆದುರೇ ರೈಲುಡಬ್ಬಿ ಹತ್ತಿದವು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವಳು ಆ ಬೆರಳುಗಳನ್ನೇ ಎಣಿಸುತ್ತಿದ್ದಳು.

ಬಾವಿಯ ಪಕ್ಕ ಪೆಟ್ಟಿಗೆ ಒಡೆದ ದಿನ ಅರ್ಧ ಊರೇ ಸೇರಿತ್ತು. ಒಂದರಲ್ಲಿ ಎಂಜಿನ್ನಿನ ಮೈ, ಇನ್ನೊಂದರಲ್ಲಿ ಪಂಪು. ಗಫಾರ್ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ತಲೆ ತಗ್ಗಿಸಿಕೊಂಡು, "ದೊಡ್ಡ ಗಾಲಿ ಹಿಂದಿಂದ ಬರುತ್ತೆ. ಅದಿಲ್ದೆ ಓಡೋದಿಲ್ಲ" ಎಂದ.

"ಹಿಂದಿಂದ ಅಂದ್ರೆ?"

"ಬರುತ್ತೆ ಬುಡಿ ಅಮ್ಮ."

ಅವನು ಹೋದ ಮೇಲೆ ದೇವಿರಮ್ಮ ಬೆರಳಿನ ಸಂಗತಿಯನ್ನು ಮೈದುನನಿಗೆ ಹೇಳಿಬಿಟ್ಟಳು. ಕೆಂಪಸಿದ್ದಯ್ಯ ತೊಡೆ ತಟ್ಟಿದ. "ಇನ್ನೇನ್ ಬೇಕು? ಅಲ್ಲೇ ಯವಾರ ಮುಗ್ಸವ್ನೆ. ಅಂತಾ ಗಾಲಿಗೆ ಮಂಡ್ಯದಲ್ಲಿ ಗಾಣದೋರು ಕಾಯ್ಕೊಂಡ್ ಕೂತವ್ರೆ!"

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಬಿಡಲೂ ಆಗಲಿಲ್ಲ. ವಾರಕ್ಕೊಮ್ಮೆ ಸಂತೆಗೆಂದು ಮದ್ದೂರಿಗೆ ಹೋದಾಗ ಗಫಾರನ ಶೆಡ್ಡಿನ ಎದುರಿನ ಬೇವಿನ ಮರದಡಿ ಕೂತು ನೋಡತೊಡಗಿದಳು. ಗಫಾರ್ ಸಂತೆ ಸಂತೆಗೂ ಸ್ಟೇಷನ್ನಿನ ಕಡೆ ಹೋಗಿಬರುತ್ತಿದ್ದ. ಒಮ್ಮೆ ನಿಂತಲ್ಲೇ ಕಾಗದವೊಂದನ್ನು ಓದುತ್ತಿದ್ದವನು, ಅವಳನ್ನು ಕಂಡು ಅದನ್ನು ಮಡಿಸಿ ಜೇಬಿಗೆ ತುರುಕಿಕೊಂಡ. ಇನ್ನೊಮ್ಮೆ ಗಾಡಿಯಲ್ಲಿ ಭಾರದ ಸಾಮಾನೇನೋ ಬಂತು. ಇಬ್ಬರು ಅದನ್ನು ಇಳಿಸಿ ಒಳಗೆ ಗೋಡೆಗೆ ಒರಗಿಸಿದರು. ಗಫಾರ್ ಅದರ ಮೇಲೆ ಗೋಣಿತಾಟು ಹೊದಿಸಿದ. ಗೋಣಿಯ ಕೆಳಗಿನ ಆಕಾರ ಗುಂಡಗಿತ್ತು.

ದೇವಿರಮ್ಮ ಎದ್ದು ನೆಟ್ಟಗೆ ಒಳಗೆ ನುಗ್ಗಿದಳು. ಹಿಂದೆಯೇ ಸಂತೆಯ ಜನ ಬಾಗಿಲಿಗೆ ಮುತ್ತಿದರು.

"ನನ್ ಗಾಲಿ ಎಲ್ ಮಡಗಿದ್ದೀಯಾ ಗಫಾರಾ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಗೋಣಿ ಎಳೆದು ಬಿಸಾಡಿದಳು. ಹಲ್ಲು ಮುರಿದ ಹಳೆಯ ಗಾಣದ ಚಕ್ರ ಅದು. ಯಲಿಯೂರಿನ ಯಾರೋ ರಿಪೇರಿಗೆ ತಂದಿದ್ದು. ದೇವಿರಮ್ಮ ಆದರೂ ನಿಲ್ಲಲಿಲ್ಲ. ನಾಚಿಕೆ ಮೈಗೇರುವ ಮುಂಚೆ ಏನಾದರೂ ಸಿಗಲಿ ಎಂಬಂತೆ ಮೂಲೆಮೂಲೆಯ ಕಬ್ಬಿಣವನ್ನೆಲ್ಲ ಎಳೆದಾಡಿದಳು. ಒಳಬಾಗಿಲಲ್ಲಿ ಜಾನ್ ಬೀ ನಿಂತಿದ್ದಳು. ಮದ್ರಾಸಿನ ರೈಲಿನಲ್ಲಿ ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಹೆಂಗಸು ತನ್ನ ಗಂಡನನ್ನು ಕಳ್ಳನೆಂದು ಬಗೆದು ಶೆಡ್ಡು ಜಾಲಾಡುವುದನ್ನು ಅವಳು ನೋಡಿದಳು.

ಗಫಾರ್ ಜೇಬಿನಿಂದ ಎರಡು ಕಾಗದ ತೆಗೆದ. "ನಾನು ಓದಿದ್ರೆ ನೀವು ನಂಬಲ್ಲ. ಸ್ಟೇಷನ್ ಮಾಸ್ಟ್ರ ತಾವ ಓದಿಸ್ಕೊಳ್ಳಿ."

ಅವಳು ಓದಿಸಿಯೇಬಿಟ್ಟಳು. ಮಾಸ್ಟರು ಕನ್ನಡಕ ಏರಿಸಿ ಕನ್ನಡದಲ್ಲಿ ಬಿಡಿಸಿ ಹೇಳಿದರು: ಹಡಗಿನ ಪಟ್ಟಿಯಲ್ಲಿದ್ದದ್ದು ಮೂರು ಪೆಟ್ಟಿಗೆ, ಬಂದರಿನಲ್ಲಿ ಇಳಿದದ್ದು ಎರಡೇ. ಒಂದು ಕಡಿಮೆ ಬಿತ್ತೆಂದು ಬಂದರಿನವರು ಬರೆದುಕೊಟ್ಟ ಚೀಟಿ ಮೊದಲನೆಯದು. ಅದರಡಿ ಇದ್ದದ್ದು ಅವಳದೇ ಹೆಬ್ಬೆಟ್ಟು. ಎರಡನೆಯದು ಗಫಾರ್ ಬರೆದ ಕಾಗದಗಳಿಗೆ ಬಂದ ಉತ್ತರ: ಯುದ್ಧದ ಗಡಿಬಿಡಿಯಲ್ಲಿ ಪೆಟ್ಟಿಗೆ ಕೊಲಂಬೊದಲ್ಲೇ ಇಳಿದುಹೋಗಿದೆ, ಬೇರೆ ಹಡಗು ಸಿಕ್ಕಾಗ ಕಳಿಸುತ್ತಾರೆ.

"ಆ ಚೀಟಿ ಇಲ್ದಿದ್ರೆ ನಿನ್ನ ಪೆಟ್ಟಿಗೆ ಕೇಳೋಕೆ ದಾರೀನೇ ಇರ್ತಿರಲಿಲ್ಲಮ್ಮ," ಎಂದರು ಮಾಸ್ಟರು.

ದೇವಿರಮ್ಮ ಬಿಸಿಲಲ್ಲಿ ಗಫಾರನ ಶೆಡ್ಡಿಗೆ ಮತ್ತೆ ನಡೆದಳು. ಜನ ಕರಗಿದ್ದರು. ಅವಳು ಚೆಲ್ಲಾಡಿದ್ದ ಕಬ್ಬಿಣವನ್ನು ಗಫಾರ್ ಒಂದೊಂದಾಗಿ ಎತ್ತಿಡುತ್ತಿದ್ದ.

"ತಪ್ಪಾಯ್ತು ಕಣಪ್ಪ," ಎಂದಳು. ಮರುಗಳಿಗೆಯೇ ದನಿ ಗಡುಸಾಯಿತು. "ಆದ್ರೆ ಅವತ್ತೇ ಯಾಕ್ ಯೋಳ್ನಿಲ್ಲ?"

"ಹೇಳಿದ್ರೆ ನೀವು ಅಲ್ಲೇ ಅತ್ಕೊಂಡ್ ಕೂರ್ತಿದ್ರಿ. ಇರೋ ಎರಡು ಪೆಟ್ಟಿಗೇನೂ ಬಿಡಿಸ್ಕೊಳ್ತಿರಲಿಲ್ಲ. ಹೆಂಗಸರು, ಹೆದರ್ಕೊಳ್ತೀರಿ ಅಂತ..."

"ನಾನ್ ಅಳೋದ್ನ ಯಾವತ್ತ್ ನೋಡಿದ್ದೀಯ ನೀನು? ಪೆಟ್ಗೆ ನಂದು. ಎಬ್ಬೆಟ್ಟು ನಂದು. ಮಾಮೂಲಿ ಅಂದೆ! ನೀ ಮುಚ್ಚಿಟ್ಟಿದ್ನ ನಾನ್ ಕಳ್ತನ ಅಂದ್ಕಂಡೆ. ಇನ್ನೇನ್ ಅಂದ್ಕಬೇಕಿತ್ತು?"

ಗಫಾರ್ ಕೈಲಿದ್ದ ಕಬ್ಬಿಣವನ್ನು ಮೂಲೆಗೆ ಒರಗಿಸಿದ. "ಅದೂ ನಿಜ" ಎಂದ. ಒಳಬಾಗಿಲು ಮುಚ್ಚಿತ್ತು. ದೇವಿರಮ್ಮ ಎರಡು ಸಲ ಜಾನ್ ಬೀಯನ್ನು ಕೂಗಿದಳು; ಬಾಗಿಲು ತೆರೆಯಲಿಲ್ಲ.

ಪೆಟ್ಟಿಗೆ ಮದ್ದೂರಿಗೆ ಬಂದಾಗ ಶಿವರಾತ್ರಿ ಕಳೆದಿತ್ತು. ಬೇರೆ ಮೆಕ್ಯಾನಿಕ್ಕನನ್ನು ಕರೆಸೋಣ ಎಂದ ಕೆಂಪಸಿದ್ದಯ್ಯನಿಗೆ ದೇವಿರಮ್ಮ, "ನೀ ಸುಮ್ಕೆ ಕೂತ್ಕೊ" ಎಂದಳು. ಗಫಾರ್ ಬಂದ. ಗಾಲಿಗೆ ಕೈ ಹಚ್ಚುವ ಮೊದಲು ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಯೋಳ್ದೆ ಒಂದ್ ಬೋಲ್ಟೂ ತಿರುಗಿಸ್ಬ್ಯಾಡ."

ಅವನು ಇಡೀ ದಿನ ಹೇಳುತ್ತ ಕೆಲಸ ಮಾಡಿದ. ಹೊತ್ತು ಇಳಿಯುವ ಮುಂಚೆ ಎಂಜಿನ್ನು ಎರಡು ಸಲ ಕೆಮ್ಮಿ ಹೊಗೆಯುಗುಳಿ ಹತ್ತಿಕೊಂಡಿತು. ಬಾವಿಯ ನೀರು ದಿಣ್ಣೆ ಏರಿ ಒಣನೆಲದಲ್ಲಿ ಹರಿಯಿತು.

ಮುಂದಿನ ಸಂತೆಗೆ ಅವಳು ಮತ್ತೆ ಮದ್ದೂರಿಗೆ ಹೋದಳು. ಈ ಸಲ ಜಾನ್ ಬೀ ಬಾಗಿಲು ತೆರೆದಳು, ಆದರೆ ಒಳಗೆ ಬಾ ಎನ್ನಲಿಲ್ಲ.

"ಕೈ ಹಾಕೋಕ್ ಮುಂಚೆ ನನ್ನಾದ್ರೂ ಒಂದ್ ಮಾತು ಕೇಳ್ಬೋದಿತ್ತಲ್ಲಮ್ಮ," ಎಂದಳು.

"ಕೇಳ್ಬೋದಿತ್ತು," ಎಂದಳು ದೇವಿರಮ್ಮ. ಬಿಸಿಲು ಏರುತ್ತಿತ್ತು, ಅವಳು ಹೊಸಿಲಿನಾಚೆಯೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಜಾನ್ ಬೀ ಒಂದು ಚಾಪೆ ತಂದು ಜಗಲಿಯ ಮೇಲೆ ಹಾಸಿದಳು.