ಕಲ್ಲುಪ್ಪಿನ ಶಾಖ

ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಲು ಬಗ್ಗಿದ ಹನುಮಂತಯ್ಯ ಬಗ್ಗಿದಂತೆಯೇ ನಿಂತುಬಿಟ್ಟ. ಸೊಂಟದೊಳಗೆ ಯಾರೋ ಚಿಲಕ ಹಾಕಿದ ಹಾಗಾಯಿತು. ಮೇಲಕ್ಕೆ ಏಳಲಾರ, ಕೆಳಕ್ಕೆ ಕೂರಲಾರ. ಎರಡು ಕೈಯೂ ಹೊರೆಯ ಹಗ್ಗದ ಮೇಲೆ, ಕಣ್ಣು ತನ್ನ ಕಾಲಿನ ಹೆಬ್ಬೆರಳಿನ ಮೇಲೆ. ಬದುವಿನ ಮೇಲೆ ಬರುತ್ತಿದ್ದ ಪಕ್ಕದ ಹೊಲದ ಬೋರಲಿಂಗಯ್ಯ ನಿಂತು ನೋಡಿದ.

"ಏನ್ಲಾ ಹನುಮ, ಏನ್ ಕಳ್ಕಂಡೆ? ಆಗ್ಲಿಂದ ನೆಲಾನೇ ನೋಡ್ತಾ ಇದೀಯಲ್ಲ."

"ಸೊಂಟ ಕಣ್ಲಾ."

"ಸೊಂಟ ಅಲ್ಲಿ ಕೆಳಗ್ಯಾಕ್ ಬಿತ್ತು?"

"ಬಂದು ಹಿಡ್ಕಳ್ಲಾ. ಆಮೇಲ್ ನಗೀವಂತೆ."

ಬೋರಲಿಂಗಯ್ಯ ನಗುವುದನ್ನೂ ಬಿಡಲಿಲ್ಲ, ಹಿಡಿದುಕೊಳ್ಳುವುದನ್ನೂ ಬಿಡಲಿಲ್ಲ. ಕುಡುಗೋಲಿನ ಹಾಗೆ ಬಾಗಿದ ಗೆಳೆಯನನ್ನು ನಡೆಸಿಕೊಂಡು ಮನೆಯ ಜಗಲಿಗೆ ತಂದು, ತನ್ನ ಜೇಬಿನಿಂದ ಮುಲಾಮಿನ ಡಬ್ಬಿ ತೆಗೆದ. ಹನುಮಂತಯ್ಯನ ಹೆಂಡತಿ ಕೆಂಚಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಹುಳ ಐತೆ ಒಳಗೆ. ಆ ಡಬ್ಬಿ ಮುಚ್ಚಳ ತೆಗ್ದೀಯ, ನಿನ್ ಸೊಂಟಾನೂ ಮುರೀತೀನಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳ ಇರುವಷ್ಟು ದಿನ ಹೊಗೆಸೊಪ್ಪು, ಊದುಬತ್ತಿ, ಮುಲಾಮು ಯಾವುದೂ ಹೊಸಿಲು ದಾಟುವಂತಿಲ್ಲ. ಘಾಟು ತಾಗಿದರೆ ಹುಳ ಮೇವು ಬಿಡುತ್ತದೆ. ಅದರಲ್ಲೂ ಈಗ ಅವು ಕಡೆಯ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದು, ಹಗಲೂ ರಾತ್ರಿ ತಿನ್ನುವ ಹೊತ್ತು. ಒಳಗೆ ಕಿವಿಗೊಟ್ಟರೆ ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ ಕೇಳುತ್ತಿತ್ತು.

"ಹುಳದ ಜ್ವರ ಇಳೀತು. ಈಗ ನಿಮ್ ಸೊಂಟಕ್ಕೆ ಬಂತಾ ಜ್ವರ?" ಎಂದು ಗಂಡನನ್ನು ಬೈಯುತ್ತಲೇ ಅವಳು ಒಲೆ ಹೊತ್ತಿಸಿದಳು. ಮುಲಾಮು ಇಲ್ಲ, ಎಣ್ಣೆ ಇಲ್ಲ ಎಂದ ಮೇಲೆ ಉಳಿದದ್ದು ಶಾಖ ಒಂದೇ. ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಗಂಡನ ಬೆನ್ನಿಗಿಟ್ಟಳು. ಗಂಟು ಒಂದು ಕಡೆ ಸುಟ್ಟಿತು, ಇನ್ನೊಂದು ಕಡೆ ತಣ್ಣಗೇ ಇತ್ತು. ಹನುಮಂತಯ್ಯ ಮಗುವಿನ ಹಾಗೆ ಕಿರುಚಿಕೊಂಡ.

ಸಂಜೆ ಹಾರೋಹಳ್ಳಿಯ ಬಟ್ಟೆ ಫ್ಯಾಕ್ಟರಿಯಿಂದ ವ್ಯಾನಿನಲ್ಲಿ ಬಂದಿಳಿದ ಸೊಸೆ ಪ್ರತಿಮಾ ಆ ಗಂಟನ್ನು ತಿರುಗಿಸಿ ನೋಡಿದಳು. ಮೂಲೆಯಲ್ಲಿದ್ದ ಹೊಲಿಗೆ ಮಿಷಿನ್ ಎಳೆದು, ಗಂಡ ನಟರಾಜುವಿನ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಚೀಲ ಹೊಲಿದಳು. ಉಪ್ಪು ಒಂದೇ ಕಡೆ ಗುಡ್ಡೆಯಾಗದ ಹಾಗೆ ನಡುವೆ ಎರಡು ಹೊಲಿಗೆ ಹಾಕಿ, ಬಾಯಿಗೆ ಲಾಡಿ ಇಟ್ಟಳು. ಬಿಸಿ ಉಪ್ಪು ತುಂಬಿ, ಮೊದಲು ತನ್ನ ಮುಂಗೈಯ ಒಳಮಗ್ಗುಲಿಗೆ ತಾಗಿಸಿ ನೋಡಿ, ಅತ್ತೆಯ ಕೈಗೆ ಕೊಟ್ಟಳು.

"ಈಗ ಇಡಿ ಅತ್ತೆ. ಸುಡಾಕಿಲ್ಲ."

ಸುಡಲಿಲ್ಲ. ಶಾಖ ಚರ್ಮಕ್ಕೆ ತಾಗಿ, ಸ್ವಲ್ಪ ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ನಿಧಾನವಾಗಿ ಒಳಗಿಳಿಯಿತು. ಒಳಗಿನ ಚಿಲಕ ಸಡಿಲವಾಗುವುದು ಹನುಮಂತಯ್ಯನಿಗೆ ಗೊತ್ತಾಯಿತು. ಬಾಯಿಂದ ಒಂದು ಉದ್ದನೆಯ "ಹಾ" ಹೊರಟಿತು.

"ಎಮ್ಮೆ ಕೆರೇಗ್ ಇಳ್ದಂಗಾಯ್ತು ನೋಡು," ಎಂದಳು ಕೆಂಚಮ್ಮ.

ದಿನವೂ ಸಂಜೆ ಹೀಗೆಯೇ ನಡೆಯಿತು. ಕೆಲವು ದಿನ ಕಳೆಯುವುದರೊಳಗೆ ಗೋಡೆ ಹಿಡಿದುಕೊಂಡು ಓಡಾಡುವಷ್ಟು ಆದ. ಒಂದು ಸಂಜೆ ಶಾಖ ಮುಗಿದ ಮೇಲೆ ಕಾಲು ತೊಳೆಯೋಣ ಎಂದು ಹಿತ್ತಿಲ ಬಾಗಿಲಿನವರೆಗೆ ಹೋದವನು ಅಲ್ಲೇ ನಿಂತ. ಕೆಂಚಮ್ಮ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಹಿತ್ತಿಲಲ್ಲಿ ಪ್ರತಿಮಾ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು. ಗೋಡೆಗೂ ಅವಳ ಸೊಂಟಕ್ಕೂ ನಡುವೆ ಆ ಉಪ್ಪಿನ ಚೀಲ. ಕಣ್ಣು ಮುಚ್ಚಿತ್ತು. ಯಾರಾದರೂ ಬಂದರೆ ನೆಪಕ್ಕಿರಲಿ ಎಂದು ಕೈಯಲ್ಲಿ ಒಂದು ಪೊರಕೆ ಹಿಡಿದುಕೊಂಡಿದ್ದಳು.

ಹನುಮಂತಯ್ಯ ಸದ್ದು ಮಾಡದೆ ಹಿಂದಕ್ಕೆ ಬಂದ. ಕಾಲು ತೊಳೆಯುವುದು ಮರೆತೇಹೋಯಿತು.

ಎರಡು ವರ್ಷದ ಹಿಂದೆ ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಎದ್ದು, ಸುತ್ತಲಿನ ಹಳ್ಳಿ, ದೊಡ್ಡಿಗಳಿಗೆಲ್ಲ ವ್ಯಾನು ಬರತೊಡಗಿದಾಗ, ತಾನೂ ಹೋಗುತ್ತೇನೆ ಎಂದು ಪ್ರತಿಮಾ ಕೇಳಿದ್ದಳು. ಜಗಲಿ ತುಂಬಾ ಜನ ಇದ್ದರು. ಆಗ ಹನುಮಂತಯ್ಯ, "ಹೋಗವ್ವ, ಬ್ಯಾಡ ಅನ್ನಕಿಲ್ಲ. ಆದ್ರೆ ಸೊಂಟ ನೋವು, ಮಂಡಿ ನೋವು ಅಂತ ಒಂದಿನ ಬಾಯಲ್ ಬಂದ್ರೂ ಅವತ್ತಿಗೆ ಮಿಷಿನ್ ಬಂದ್. ಇದು ನನ್ ಮಾತು," ಎಂದಿದ್ದ. ಸೊಸೆಯ ಮೈ ಸವೆಯಬಾರದು ಎಂಬ ಒಳ್ಳೇ ಮನಸ್ಸಿನಿಂದಲೇ ಆಡಿದ ಮಾತು. ಆದರೆ ಹನುಮಂತಯ್ಯನ ಮಾತು ಗಾಣದ ಕಲ್ಲು, ಇಟ್ಟ ಕಡೆಯಿಂದ ಜರುಗುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಅವನೂ ಅದನ್ನು ಕೇಳಿ ಮೀಸೆ ತಿರುವುತ್ತಿದ್ದ.

ಅಡುಗೆಮನೆಯಿಂದ ದನಿಯೇ ಕೇಳಿಸದಂತಿದ್ದ ಹುಡುಗಿ ಕೆಲಸಕ್ಕೆ ಹೋಗತೊಡಗಿದ ಮೇಲೆ ಬೇರೆಯೇ ಆಗಿಬಿಟ್ಟಿದ್ದಳು. ವ್ಯಾನು ಕೆರೆ ಏರಿಯ ತಿರುವಿನಲ್ಲಿರುವಾಗಲೇ ಅವಳ ನಗು ಮನೆಗೆ ಕೇಳುತ್ತಿತ್ತು. ಇಡೀ ದಿನ ಬೆನ್ನು ಬಗ್ಗಿಸಿ ಶರ್ಟಿನ ಕಾಲರ್ ಹೊಲಿದು ಬಂದವಳು ಊಟಕ್ಕೆ ಕೂತರೆ ಸೂಪರ್‌ವೈಸರ್ ನಡೆಯುವ ಹಾಗೆ ನಡೆದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಫೋಟೋ ಇರುವ ಗುರುತಿನ ಚೀಟಿಯನ್ನು ದೇವರ ಪಟದ ಪಕ್ಕದ ಮೊಳೆಗೇ ನೇತುಹಾಕುತ್ತಿದ್ದಳು.

ನೋವು ಅಂದರೆ ಕೆಲಸ ಹೋಗುತ್ತದೆ. ಅನ್ನದಿದ್ದರೆ ಸೊಂಟ ಹೋಗುತ್ತದೆ. ಹುಡುಗಿಯನ್ನು ಇವೆರಡರ ನಡುವೆ ನಿಲ್ಲಿಸಿರುವುದು ತನ್ನದೇ ಮಾತು. ಹಿಂದಕ್ಕೆ ತೆಗೆದುಕೊಳ್ಳೋಣ ಎಂದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಹೇಳಿದರೆ ಅವಳ ಗುಟ್ಟು ರಟ್ಟಾಗುತ್ತದೆ, ನಾಳೆಯೇ ನಟರಾಜು ಬ್ಯಾಡ ಬಿಡು ಕೆಲಸ ಅನ್ನುತ್ತಾನೆ. ಹನುಮಂತಯ್ಯ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಯೋಚಿಸಿದ. ಮಗ್ಗುಲು ಸಲೀಸಾಗಿ ತಿರುಗಿತು. ಬೆಳಗ್ಗೆ ಎದ್ದಾಗ ಸೊಂಟ ರಾಗಿ ಕಡ್ಡಿಯ ಹಾಗೆ ನೆಟ್ಟಗಾಗಿತ್ತು.

ಅವನ ನೋವು ಶುರುವಾದದ್ದು ಆಮೇಲೆ.

"ಅಯ್ಯಪ್ಪಾ," ಎಂದು ಏಳುತ್ತಿದ್ದ, "ಅಯ್ಯಮ್ಮಾ," ಎಂದು ಕೂರುತ್ತಿದ್ದ. ಸುಳ್ಳು ನೋವು ಎಷ್ಟು ಕಷ್ಟ ಎಂಬುದು ನಿಜವಾದ ನೋವು ಪಟ್ಟವರಿಗೆ ತಿಳಿಯದು. ನೆನಪಿಟ್ಟುಕೊಳ್ಳಬೇಕು.

"ನೆನ್ನೆ ಎಡಗಡೆ ಅಂದ್ರಿ," ಎಂದಳು ಕೆಂಚಮ್ಮ.

"ನೋವಿಗೇನ್ ಗಡಿ ಕಲ್ಲು ನೆಟ್ಟವ್ರಾ? ಆ ಕಡೇನೂ ಓಯ್ತದೆ, ಈ ಕಡೇನೂ ಬತ್ತದೆ."

ಸಂಜೆಯಾದರೆ, "ಇನ್ನೊಸಿ ಕಾಯ್ಲಿ, ಇನ್ನೊಸಿ ಕಾಯ್ಲಿ," ಎಂದು ಉಪ್ಪನ್ನು ಚಟಪಟ ಸಿಡಿಯುವ ತನಕ ಕಾಯಿಸುತ್ತಿದ್ದ. ಬೆನ್ನಿಗಿಟ್ಟ ತಕ್ಷಣ, "ಸಾಕು, ತಗಂಡೋಗ್ ಮಗ. ಒಳಗಿಡು," ಎನ್ನುತ್ತಿದ್ದ. ಚೀಲ ಬಿಸಿ ಆರುವ ಮೊದಲೇ ಪ್ರತಿಮಾಳ ಕೈ ಸೇರುತ್ತಿತ್ತು.

"ಕಾಯ್ಸಕ್ಕೆ ಅರ್ಧ ಗಂಟೆ, ಇಟ್ಕಳಕ್ಕೆ ಅರೆಗಳಿಗೆ," ಎಂದು ಕೆಂಚಮ್ಮ ಗಂಡನ ಮುಖವನ್ನೇ ನೋಡಿದಳು. ಅವನು ಮುಖವನ್ನು ದಿಂಬಿಗೆ ಒತ್ತಿಕೊಂಡ.

ಹುಳ ಹಣ್ಣಾದವು, ಗೂಡು ಕಟ್ಟುವ ಹೊತ್ತು ಬಂತು. ಅಕ್ಕಪಕ್ಕದವರೆಲ್ಲ ಸೇರಿ, ಹರಟುತ್ತಾ ಹಾಡುತ್ತಾ, ಹುಳ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟರು. ಹನುಮಂತಯ್ಯ ಜಗಲಿಯಲ್ಲಿ ಕೂತು ಕೈ ಹೊಸೆದುಕೊಂಡ. ಗೂಡು ಬಿಡಿಸಿದ ದಿನವಂತೂ ಅವನ ಹೊಟ್ಟೆ ಉರಿದುಹೋಯಿತು. ರಾಮನಗರದ ಗೂಡಿನ ಮಾರ್ಕೆಟ್ ಎಂದರೆ ಅವನಿಗೆ ಹಬ್ಬ. ಹರಾಜು ಕೂಗುವ ಗದ್ದಲದಲ್ಲಿ ನಿಂತು, ನೂಲು ತೆಗೆಸುವ ತಾಜ್ ಪಾಷಾನ ಜೊತೆ ಕಿತ್ತಾಡಿ, ಆಮೇಲೆ ಅವನ ಜೊತೆಯೇ ಹೋಟೆಲಿಗೆ ಹೋಗಿ ವಡೆ ತಿಂದು ಬಂದರೆ ಮುಂದಿನ ಬೆಳೆಯ ತನಕ ಅದೇ ಮಾತು. ಈ ಸಲ ನಟರಾಜುವಿನ ಲಗೇಜ್ ಆಟೋದಲ್ಲಿ ಗೂಡಿನ ಚೀಲಗಳ ಪಕ್ಕ ಕೆಂಚಮ್ಮ ಕೂತಳು. ಸಂಜೆ ಮುಡಿ ತುಂಬಾ ಮಲ್ಲಿಗೆ ಮುಡಿದು ಬಂದಿಳಿದಳು.

"ತಾಜ್ ಪಾಷಾ ಕೇಳ್ದ, ಯಜಮಾನ್ರೆಲ್ಲಿ ಅಂತ. ಸೊಂಟ ಬಿದ್ದೋಗೈತೆ ಅಂದೆ. ಇಡೀ ಮಾರ್ಕೆಟ್ಟೇ ನಕ್ಬುಡ್ತು. ವಡೆ ಚೆನ್ನಾಗಿತ್ತು."

ಅದರ ಹಿಂದೆಯೇ ಇನ್ನೊಂದು ತೊಡಕು ಬಂತು. ಹುಳ ಖಾಲಿಯಾಯಿತು ಎಂದು ಬೋರಲಿಂಗಯ್ಯ ತನ್ನ ಮುಲಾಮಿನ ಡಬ್ಬಿ ಹಿಡಿದುಕೊಂಡು ರಾಜಾರೋಷವಾಗಿ ಹೊಸಿಲು ದಾಟಿದ.

"ಈಗೇನ್ ಅಡ್ಡಿ? ಹಚ್ಕಳ್ಲಾ."

"ಮುಲಾಮು ನನ್ ಮೈಗಾಗಕಿಲ್ಲ. ನಂಗೆ ಉಪ್ಪೇ ಸರಿ."

"ಮೊದ್ಲೆಲ್ಲ ಹಚ್ಕತಿದ್ದೆ."

"ಅದು ಹಳೇ ಮೈ," ಎಂದ ಹನುಮಂತಯ್ಯ.

ಭಾನುವಾರ ಮಧ್ಯಾಹ್ನ ಎಲ್ಲವೂ ಒಮ್ಮೆಗೇ ಮುಗಿಯಿತು. ಬೋರಲಿಂಗಯ್ಯನ ಸೀಮೆಹಸು ಹಗ್ಗ ಕಿತ್ತುಕೊಂಡು, ಆಗಷ್ಟೇ ಚಿಗುರುತ್ತಿದ್ದ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಜಗಲಿಯಲ್ಲಿ ಮಲಗಿದ್ದ ಹನುಮಂತಯ್ಯ ಎದ್ದದ್ದು ಯಾರಿಗೂ ಕಾಣಲಿಲ್ಲ, ಓಡಿದ್ದು ಮಾತ್ರ ಕಂಡಿತು. ಪಂಚೆ ಎತ್ತಿ ಕಟ್ಟಿಕೊಂಡು, ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿ, ಹಗ್ಗ ಹಿಡಿದು ಜಗ್ಗಿ, ಬಲವಾದ ಹಸುವನ್ನು ತಿರುಗಿಸಿ ನಿಲ್ಲಿಸಿದ. ನಿಲ್ಲಿಸಿ ತಲೆ ಎತ್ತಿದರೆ, ಕಾಲುವೆಯ ಆಚೆ ಕೆಂಚಮ್ಮ, ಪ್ರತಿಮಾ, ಬೋರಲಿಂಗಯ್ಯ ಮೂವರೂ ಸಾಲಾಗಿ ನಿಂತು ನೋಡುತ್ತಿದ್ದರು.

ಹನುಮಂತಯ್ಯ ನಿಧಾನವಾಗಿ ಸೊಂಟದ ಮೇಲೆ ಕೈಯಿಟ್ಟ.

"ಅಯ್ಯಪ್ಪಾ," ಎಂದ.

"ಎಡಗಡೆನಾ, ಬಲಗಡೆನಾ?" ಎಂದು ಬೋರಲಿಂಗಯ್ಯ ಕೇಳಿದ.

ಜಗಲಿಯಲ್ಲಿ ವಿಚಾರಣೆಯಾಯಿತು. ಕೆಂಚಮ್ಮ ಮೊರ ಹಿಡಿದು ಕೂತಿದ್ದಳು, ಆದರೆ ಕೇರಲಿಲ್ಲ. "ಅಂದ್ರೆ ಇಷ್ಟ್ ದಿನ ನಾಟ್ಕ. ನಾವು ಉಪ್ಪು ಹುರ್ದಿದ್ದೇ ಹುರ್ದಿದ್ದು. ಯಾಕ್ ಹೇಳಿ ಅತ್ಲಾಗೆ."

ಹನುಮಂತಯ್ಯ ಬಾಗಿಲ ಕಡೆ ನೋಡಿದ. ಪ್ರತಿಮಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಲ್ಲರಿಗಿಂತ ಹೆಚ್ಚು ನಗಬೇಕಾದವಳು ನಗುತ್ತಿರಲಿಲ್ಲ. ಒಂದು ಕೈ ತನಗೆ ತಾನೇ ಹಿಂದಕ್ಕೆ ಹೋಗಿ ಸೊಂಟವನ್ನು ಒತ್ತಿಕೊಂಡಿತ್ತು. ಮಾವ ನೋಡಿದ್ದು ಕಂಡು ಕೈ ಕೆಳಗಿಳಿಸಿದಳು. ನಾಳೆಯಿಂದ ಈ ಮನೆಯಲ್ಲಿ ಉಪ್ಪು ಕಾಯುವುದಿಲ್ಲ ಎಂದು ಅವಳಿಗಾಗಲೇ ಗೊತ್ತಾಗಿತ್ತು.

"ಸುಖ ಕಣಮ್ಮಿ," ಎಂದ ಹನುಮಂತಯ್ಯ. "ಶಾಖದ್ ರುಚಿ ಹತ್ಬುಡ್ತು. ಅದ್ಕೇಯ."

"ನೋವೇ ಇಲ್ದೆ ಶಾಖವಾ?" ಬೋರಲಿಂಗಯ್ಯ ತೊಡೆ ತಟ್ಟಿ ನಕ್ಕ. "ಊರಲ್ ಹೇಳ್ಬೇಕು ಇದ್ನ."

"ಹೇಳ್ಲಾ, ಡಂಗುರ ಹೊಡಿ. ಅದಿರ್ಲಿ, ನೀನ್ ದಿನಾ ಬೇವಿನ್ ಕಡ್ಡಿ ಅಗೀತೀಯಲ್ಲ, ಹಲ್ಲುನೋವು ಬಂದೈತಾ?"

"ನಂಗ್ಯಾಕ್ ಬಂದದು? ಕಬ್ಬು ಸಿಗೀತೀನಿ ಇವತ್ತೂವೆ."

"ಮತ್ತೆ? ನೋವು ಬಂದ್ಮೇಲೆ ಉಜ್ಜಾನ ಅಂತ ಕೂತಿದ್ರೆ ನಿನ್ ಬಾಯಲ್ ಒಂದ್ ಹಲ್ಲಿರ್ತಿತ್ತಾ? ಸೊಂಟಾನೂ ಅಂಗೇಯ." ಹೇಳುತ್ತಾ ಹೇಳುತ್ತಾ ಹನುಮಂತಯ್ಯನಿಗೇ ದಾರಿ ಕಂಡಿತು. ನೆಟ್ಟಗೆ ಕೂತ. "ಇವತ್ತಿಂದ ಈ ಮನೇಲಿ ದುಡಿಯೋರೆಲ್ಲ ಸಂಜೆ ಶಾಖ ತಗಬೇಕು. ಹೊಲದಲ್ ದುಡೀಲಿ, ಒಲೆ ಮುಂದೆ ದುಡೀಲಿ, ಮಿಷಿನ್ ಮುಂದೆ ದುಡೀಲಿ. ನೋವೈತೆ ಅಂತ ಯಾರೂ ಹೇಳ್ಬೇಕಾಗಿಲ್ಲ. ಇಲ್ಲ ಅಂತಾನೂ ಹೇಳ್ಬೇಕಾಗಿಲ್ಲ. ಹಲ್ಲುಜ್ಜಿದಂಗೆ, ಅಷ್ಟೇಯ. ನಾನ್ ಕೇಳಾಕಿಲ್ಲ."

ಕೆಂಚಮ್ಮ ಸೊಸೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಇದೂ ನಿಮ್ ಮಾತೇನಾ?" ಎಂದಳು ಕೆಂಚಮ್ಮ.

"ಮಾತೇಯ."

"ಗಾಣದ ಕಲ್ಲು?"

"ಗಾಣದ ಕಲ್ಲು."

ಕೆಂಚಮ್ಮ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದ ಸದ್ದಾಯಿತು. ಬಂದವಳ ಕೈಯಲ್ಲಿ ಅದೇ ಜೀನ್ಸ್ ಬಟ್ಟೆಯ ಇನ್ನೆರಡು ಚೀಲ. ಕೈಹೊಲಿಗೆ, ಉಳುಮೆ ಕಲಿಯುವ ಎತ್ತಿನ ಸಾಲಿನ ಹಾಗೆ ಸೊಟ್ಟಸೊಟ್ಟಗೆ. ಒಂದನ್ನು ಸೊಸೆಯ ಕೈಗೆ ಎಸೆದಳು. ಇವತ್ತು ಹೊಲಿದ ಚೀಲಗಳಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ಇವಳಿಗೂ ಗೊತ್ತಿತ್ತಾ ಎಂದು ಹನುಮಂತಯ್ಯ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದ.

"ಏನ್ ನೋಡ್ತೀರಿ? ಪ್ಯಾಂಟಿಗೆ ಎರಡ್ ಕಾಲಿರ್ತವಲ್ಲ," ಎಂದಳು ಅವಳು.

ಪ್ರತಿಮಾ ತಲೆ ಬಗ್ಗಿಸಿ ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ತಲೆ ಎತ್ತಿದಾಗ ಕಣ್ಣು ತೇವವಾಗಿತ್ತು, ಬಾಯಿ ಮಾತ್ರ ಎಂದಿನಂತಿತ್ತು.

"ನಮ್ ಫ್ಯಾಕ್ಟ್ರೀಲಾದ್ರೆ ಇದು ರಿಜೆಕ್ಟು ಅತ್ತೆ."

"ನಿನ್ ಸೂಪರ್‌ವೈಸರ್‌ಗೆ ಬಂದ್ ಹೊಲಿಯಕ್ಕೇಳು," ಎಂದಳು ಕೆಂಚಮ್ಮ.

ಮರುದಿನ ಸಂಜೆ ಹನುಮಂತಯ್ಯನೇ ಒಲೆಯ ಮುಂದೆ ಕೂತು ಉಪ್ಪು ಕೈಯಾಡಿಸುತ್ತಿದ್ದ. ಉಪ್ಪು ಸಿಡಿಯಲು ಶುರುವಾದಾಗ ಕೆರೆ ಏರಿಯ ತಿರುವಿನಲ್ಲಿ ವ್ಯಾನಿನ ಹಾರ್ನ್ ಕೇಳಿತು. ಚೀಲ ತುಂಬಿ, ಲಾಡಿ ಬಿಗಿದು, ತನ್ನ ಮುಂಗೈಯ ಒಳಮಗ್ಗುಲಿಗೆ ತಾಗಿಸಿ ನೋಡಿದ.

ಬೋರಲಿಂಗಯ್ಯ ಹಸು ಹೊಡೆದುಕೊಂಡು ಬರುವ ಹೊತ್ತಿಗೆ ಜಗಲಿಯ ಮೇಲೆ ಮೂವರೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದರು. ಒಂದು ತುದಿಗೆ ಹನುಮಂತಯ್ಯ, ಇನ್ನೊಂದು ತುದಿಗೆ ಪ್ರತಿಮಾ, ನಡುವೆ ಕೆಂಚಮ್ಮ. ಪ್ರತಿಮಾಳ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು.

"ಏನ್ಲಾ, ಗೋಡೆ ಬೀಳ್ತದೆ ಅಂತ ಮನೆ ಮಂದಿಯೆಲ್ಲ ಹಿಡ್ಕಂಡ್ ಕೂತಿದೀರಾ?"

"ಊಂ ಕಣ್ಲಾ," ಎಂದ ಹನುಮಂತಯ್ಯ. "ಹಸು ಕಟ್ಟಾಕಿ ಬಾ. ನೀನೂ ಒಸಿ ಹಿಡ್ಕಳೀವಂತೆ."

ಬೋರಲಿಂಗಯ್ಯ ಬೀದಿಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿದ. ತನ್ನ ಸೊಂಟವನ್ನೊಮ್ಮೆ ಮುಟ್ಟಿಕೊಂಡು, ಹಸುವನ್ನು ಕಟ್ಟಿ ಬರಲು ಬೇಗ ಬೇಗ ಹೊಡೆದುಕೊಂಡು ಹೋದ. ಪ್ರತಿಮಾ ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿದಳು. ಅವಳ ಬೆನ್ನಿನ ಹಿಂದೆ ಬಿಸಿ ಉಪ್ಪು ಸರಕ್ಕೆಂದು ಸರಿದು, ತನ್ನ ಜಾಗ ನೋಡಿಕೊಂಡು ಕೂತಿತು.