ವಾಲಿದ ಏಳು

ನಾನು ಒಂದು ಕಾರು. ನನ್ನಂಥವು ಒಟ್ಟು ನಲವತ್ತೊಂದು ಹುಟ್ಟಿದವು. ಅವುಗಳಲ್ಲಿ ನಾನು ಹದಿನೇಳನೆಯದು. ಇಟಲಿ ದೇಶದ ಒಂದು ಸಣ್ಣ ಊರಿನಲ್ಲಿ, ಹಿತ್ತಿಲಲ್ಲಿ ಕೋಳಿ ಸಾಕಿಕೊಂಡಿದ್ದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಯಂತ್ರಕ್ಕಿಂತ ಕೈ ಹೆಚ್ಚು ದುಡಿದ ಮೈ ನನ್ನದು. ತಗಡನ್ನು ಮರದ ಅಚ್ಚಿನ ಮೇಲಿಟ್ಟು ಬಡಿದು ಬಡಿದು ನನ್ನ ಬೆನ್ನು, ಕೆನ್ನೆ ತಿದ್ದಿದರು. ಕುಸುಬಿ ಹೂವಿನಂಥ ಹಳದಿ ಬಣ್ಣ ಹೊಡೆದರು. ಕಡೆಗೆ ಒಬ್ಬ ಮುದುಕ ಬಂದ. ನಂಬರು ಹೊಡೆಯುವುದಷ್ಟೇ ಅವನ ಕೆಲಸ. ಒಂದೊಂದು ಅಂಕಿಗೂ ಒಂದೊಂದು ಉಕ್ಕಿನ ಅಚ್ಚು. ಎಂಜಿನ್ನಿನ ಮೇಲೆ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ಏಳರ ಅಚ್ಚು ಹಿಡಿದಾಗ ಅವನಿಗೆ ಕೆಮ್ಮು ಬಂತು. ಹಾಗಾಗಿ ನನ್ನ ಏಳು ಸ್ವಲ್ಪ ಎಡಕ್ಕೆ ವಾಲಿತು. ಮುದುಕ ಹೆಬ್ಬೆರಳಿನಿಂದ ಅದನ್ನು ಸವರಿ, ಇರಲಿ ಬಿಡು ಎನ್ನುವಂತೆ ತಲೆಯಾಡಿಸಿ ಹೋದ. ಅದೇ ನಂಬರನ್ನು ಕಪ್ಪು ಮಸಿಯಲ್ಲಿ ಅಚ್ಚು ಹಾಕಿದ ತೆಳುವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಾಗಿಲ ಬುಡಕ್ಕೆ ಜೋಡಿಸಿದರು. ನನ್ನ ಗುರುತು ಇವೆರಡೇ ಕಡೆ.

ನಾನು ನೆಲಕ್ಕೆ ಅಂಟಿದಷ್ಟು ತಗ್ಗು. ಜನರನ್ನು ಮೊದಲು ಅವರ ಕಾಲಿನಿಂದಲೇ ತಿಳಿಯುತ್ತೇನೆ. ಮೊದಲು ನನ್ನನ್ನು ಕೊಂಡ ಇಟಲಿಯವನದು ಹೊಳೆಯುವ ಬೂಟು. ಎರಡು ವರ್ಷಕ್ಕೆ ಅವನಿಗೆ ಬೇಸರವಾಯಿತು. ಆಮೇಲೆ ಹಡಗು ಹತ್ತಿ ಬೊಂಬಾಯಿಗೆ ಬಂದೆ. ಅಲ್ಲಿ ರೇಸ್ ಕುದುರೆ ಸಾಕಿದ್ದ ಒಬ್ಬರ ಮನೆಯಲ್ಲಿ ಕುದುರೆಗಳಿಗೇ ಹೆಚ್ಚು ಮರ್ಯಾದೆ. ಅಲ್ಲಿಂದ ನನ್ನನ್ನು ಹುಬ್ಬಳ್ಳಿಗೆ ತಂದವರು ಹತ್ತಿ ವ್ಯಾಪಾರಿ ಶಿವಯೋಗಪ್ಪ ಬಳ್ಳೊಳ್ಳಿಯವರು. ಧೋತರದ ಅಂಚನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಮಗ್ಗುಲಾಗಿ ಜಾರಿ ಒಳಗೆ ಕೂಡುತ್ತಿದ್ದರು. ಭಾನುವಾರ ಬೆಳಗ್ಗೆ ಧಾರವಾಡದ ದಾರಿಯಲ್ಲಿ ಹೋಗಿಬರುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ.

ನನಗೆ ಸೀನು ಬಂದರೂ ಶಿವಯೋಗಪ್ಪನವರು ಒಬ್ಬನಿಗೇ ಹೇಳಿ ಕಳಿಸುತ್ತಿದ್ದರು: ಫಕೀರಪ್ಪ ಕಮ್ಮಾರನಿಗೆ. ಬರಿಗಾಲು, ಒಡೆದ ಹಿಮ್ಮಡಿ. ಬಾನೆಟ್ಟಿನ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದ. ನನ್ನ ಪುಸ್ತಕ ಇಟಲಿಯ ಭಾಷೆಯಲ್ಲಿತ್ತು. ಅವನಿಗೆ ಅದರ ಅಗತ್ಯವೂ ಬೀಳಲಿಲ್ಲ. ಒಂದು ಸಲ ಸಿಗದ ಒಂದು ಭಾಗವನ್ನು ಹಳೇ ಪಂಪ್‌ಸೆಟ್ಟಿನ ಕಬ್ಬಿಣದಿಂದ ತಾನೇ ತಿದ್ದಿ ಕೂಡಿಸಿದ. ಅದು ಇಂದಿಗೂ ಸವೆದಿಲ್ಲ.

ಶಿವಯೋಗಪ್ಪನವರು ತೀರಿಕೊಂಡ ಮೇಲೆ ಮಕ್ಕಳಿಗೆ ನಾನು ಬೇಕಾಗಲಿಲ್ಲ. ನಾಲ್ಕು ಜನ ಕೂಡದ ಕಾರು, ಮಳೆಯಲ್ಲಿ ಹೋಗದ ಕಾರು. ಫಕೀರಪ್ಪ ತನ್ನ ಹಳೆಯ ಜೀಪನ್ನು ಕೊಟ್ಟು ನನ್ನನ್ನು ತೆಗೆದುಕೊಂಡ. ಹುಬ್ಬಳ್ಳಿ ಗ್ಯಾರೇಜಿನವರೆಲ್ಲ ನಕ್ಕರು. "ಓಡೂ ಜೀಪ್ ಕೊಟ್ಟು ಕುಂದ್ರೂ ಕಾರ್ ತಂದಾನ" ಅಂದರು. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಶೆಡ್ಡಿನ ಹಿಂದಿನ ಗೋಡೆಗೆ ನನ್ನನ್ನು ನಿಲ್ಲಿಸಿ ತಾಡಪಾಲು ಹೊದಿಸಿದ. ಅಮಾವಾಸ್ಯೆಗೊಮ್ಮೆ ಎಂಜಿನ್ ಎಬ್ಬಿಸಿ, ಕೇಳಿ, ಮಲಗಿಸುತ್ತಿದ್ದ. ಹೀಗೆ ಮೂವತ್ತು ವರ್ಷ ಕಳೆಯಿತು. ಗುಂಡುಕಲ್ಲಿನಂತೆ ಅಲ್ಲೇ ಬಿದ್ದಿದ್ದೆ; ಗಾಲಿಯ ಮೇಲೆ ತುಕ್ಕು ಹತ್ತಿತು, ಹಳದಿ ಬಣ್ಣ ಮಾಸಿ ಅಲ್ಲಲ್ಲಿ ಸೀಳು ಬಿಟ್ಟಿತು.

ಆ ಶೆಡ್ಡು ಫಕೀರಪ್ಪನದಲ್ಲ, ಅದರ ನೆಲ ಬಾಡಿಗೆಯದು. ಆದರೆ ಅವನ ಬದುಕೆಲ್ಲ ಅಲ್ಲಿಯೇ ಆಗಿತ್ತು. ಅವನ ಹೆಂಡತಿ ನಿಂಬೆವ್ವ ಅದರ ಒಂದು ಮೂಲೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಮಗಳು ಕಸ್ತೂರಿ ಗಂಡನನ್ನು ಕಳೆದುಕೊಂಡು ಬಂದವಳು, ಅಪ್ಪನ ಬಳಿಯೇ ಪಾನಾ, ಸ್ಪ್ಯಾನರು ಹಿಡಿದು ಮೆಕ್ಯಾನಿಕ್ ಆದಳು. ಊರಲ್ಲಿ ಬೇರೆ ಯಾವ ಗ್ಯಾರೇಜಿನವನೂ ಒಬ್ಬ ಹೆಂಗಸಿನ ಕೈಗೆ ಗಾಡಿ ಕೊಡುತ್ತಿರಲಿಲ್ಲ. ಜಾಗದ ಮಾಲೀಕ ಸತ್ತ ಮೇಲೆ ಅವನ ವಾರಸುದಾರರು ಬಂದು ನೇರವಾಗಿ ಹೇಳಿದರು: ಯುಗಾದಿಯೊಳಗೆ ನೀವು ಕೊಂಡರೆ ನಿಮಗೆ, ಇಲ್ಲದಿದ್ದರೆ ಅಂಗಡಿ ಕಟ್ಟುವವರಿಗೆ. ಅಷ್ಟು ದುಡ್ಡು ಫಕೀರಪ್ಪ ಕನಸಿನಲ್ಲಿಯೂ ಕಂಡಿರಲಿಲ್ಲ.

ಆಗಲೇ ಗೋವಾಕ್ಕೆ ಹೊರಟ ಒಬ್ಬ ಗಿರಾಕಿ ಪಂಕ್ಚರ್ ಹಾಕಿಸಲು ನಿಂತು, ತಾಡಪಾಲು ಎತ್ತಿ ನೋಡಿ, ನನ್ನ ಫೋಟೋ ಹೊಡೆದುಕೊಂಡು ಹೋದ. ಎಂಟು ದಿನಕ್ಕೆ ಬೆಳಗಾವಿಯಿಂದ ಫೋನ್ ಬಂತು. ಅಪರೂಪದ ಕಾರುಗಳಿಗೆ ಬೆಲೆ ಕಟ್ಟುವ ರೇವಣಕರ ಎಂಬವರು. ಕಸ್ತೂರಿ ಫೋನಿನ ದನಿಯನ್ನು ದೊಡ್ಡದು ಮಾಡಿದಳು.

"ಅದು ಖರೇನ ಹದಿನೇಳನೇದು ಆಗಿದ್ರ ಮೂರು ಕೋಟಿಗೆ ಕಡಿಮಿ ಇಲ್ರಿ. ನಾ ಶುಕ್ರವಾರ ಬರ್ತೇನಿ. ಒರಸೋದು ಸುದ್ದಾ ಬ್ಯಾಡ, ಇದ್ದಂಗ ಇರಲಿ. ನನ್ನ ಸಲುವಾಗಿ ಏನೂ ತ್ರಾಸ ತಗೋಬ್ಯಾಡ್ರಿ."

ಕಸ್ತೂರಿ ಫೋನ್ ಇಟ್ಟಳು. ನಿಂಬೆವ್ವ, "ಮೂರು ಕೋಟಿ ಅಂದ್ರ ಜಾಗಾ ಬರತೈತೇನ?" ಎಂದಳು.

"ಜಾಗಾ ಬಂದು, ಮ್ಯಾಲ ಸ್ಲ್ಯಾಬೂ ಬರತೈತಿ ಯವ್ವಾ" ಅಂದಳು ಕಸ್ತೂರಿ.

ಫಕೀರಪ್ಪ ಎದ್ದು ಬಂದು ನನ್ನ ಮೈಮೇಲೆ ಕೈಯಾಡಿಸಿದ. "ಹಿಂಗ ತೋರ್ಸೋದೇನು? ಮಾರಿ ತೊಳೀದ ಹುಡುಗೀನ ಹಸೆ ಮ್ಯಾಲ ಕುಂದ್ರಿಸಿದಂಗ ಆಗತೈತಿ."

"ಅಪ್ಪಾ, ಅಂವ ಮುಟ್ಟಬ್ಯಾಡ್ರಿ ಅಂದಾನಲ್ಲ."

"ನೋಡಾಕ ಬರೋರೆಲ್ಲಾ ಹಂಗ ಅಂತಾರ. ನಿನ್ನ ನೋಡಾಕ ಬಂದೋರು ಏನಂದಿದ್ರು? ಏನೂ ಬ್ಯಾಡ್ರಿ, ಒಂದ್ ಕಪ್ ಚಾ ಸಾಕು. ಹಂಗಂದ್ರಂತ ನಿಮ್ಮವ್ವ ಚುರುಮುರಿ ಸೂಸಲಾ ಮಾಡೋದು ಬಿಟ್ಟಳೇನು?"

"ನಾಲ್ಕು ಸೇರು ಮಾಡಿದ್ದೆ" ಎಂದು ನಿಂಬೆವ್ವ ನಕ್ಕಳು. "ಎಲ್ಲಾ ತಿಂದು ಹೋದ್ರು, ಸುಡಗಾಡು."

ಕಸ್ತೂರಿಯೂ ನಕ್ಕಳು. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು.

ನಾಲ್ಕು ದಿನ ಆ ಮೂವರೂ ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಫಕೀರಪ್ಪ ಹಳೆಯ ಬಣ್ಣವನ್ನು ತಗಡಿನವರೆಗೆ ಕೆರೆದ. ತುಕ್ಕು ತಿಂದ ಜಾಗಗಳನ್ನು ಕೊಯ್ದು ಹೊಸ ತಗಡು ಬೆಸೆದ. ಬೆಸುಗೆ ಎಲ್ಲಿದೆಯೆಂದು ನನಗೇ ತಿಳಿಯುತ್ತಿರಲಿಲ್ಲ. ಕಸ್ತೂರಿ ಹಳದಿಗೆ ಕೆಂಪು ಬೆರೆಸಿ ಬೆರೆಸಿ, ಹಳೆಯ ಚೂರೊಂದನ್ನು ಪಕ್ಕದಲ್ಲಿಟ್ಟು ನೋಡಿ, ಅದೇ ಕುಸುಬಿ ಬಣ್ಣ ತಂದಳು. ನಿಂಬೆವ್ವ ಬಾಗಿಲ ಬುಡದ ಅಲ್ಯೂಮಿನಿಯಂ ಪಟ್ಟಿ ಕಪ್ಪಾಗಿದೆಯೆಂದು ದೇವರ ಪಾತ್ರೆಯಂತೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು. ಕನ್ನಡಿಯಂತಾಯಿತು. ಅವಳು ಅದರಲ್ಲಿ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ಗುರುವಾರ ಮಧ್ಯಾಹ್ನ ಫಕೀರಪ್ಪ ಎಂಜಿನ್ ಹೊರಗೆಳೆದು ಉಜ್ಜಲು ಕುಳಿತ. ನಂಬರಿದ್ದ ಜಾಗ ತುಕ್ಕು ಹತ್ತಿ ಸಿಡುಬಿನ ಮುಖದಂತಾಗಿತ್ತು. ಸೊಟ್ಟ ಅಂಕಿ ಅವನ ಕಣ್ಣಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಅರ ಹಿಡಿದು ಅಂಕಿಗಳೆಲ್ಲ ಹೋಗುವಂತೆ ಸಮಮಾಡಿದ. ನಂಬರು ಹೇಗೂ ಗಾಡಿಯ ಕಾಗದದಲ್ಲಿದೆಯಲ್ಲ ಎಂಬುದು ಅವನ ಎಣಿಕೆ.

ನನಗೆ ಬಾಯಿ ಇದ್ದಿದ್ದರೆ ಬೇಡ ಅನ್ನುತ್ತಿದ್ದೆನೇ? ಸುಳ್ಳು ಹೇಳಲಾರೆ. ಮೂವತ್ತು ವರ್ಷ ಯಾರೂ ಸವರದ ಮೈಯನ್ನು ಮೂರು ಜೊತೆ ಕೈಗಳು ಸವರುತ್ತಿದ್ದವು. ನನಗೆ ಹಿತವಾಗಿತ್ತು.

ಶುಕ್ರವಾರ ರೇವಣಕರ ಬಂದರು. ಕ್ಯಾನ್ವಾಸ್ ಬೂಟು, ಒಳ್ಳೆಯ ಮನುಷ್ಯನ ನಿಧಾನದ ನಡಿಗೆ. ಅವರ ಅಪ್ಪ ಕಾರವಾರದ ಕಡೆ ಚಿನ್ನ ಒರೆ ಹಚ್ಚುತ್ತಿದ್ದರಂತೆ. ತಾಡಪಾಲನ್ನು ಫಕೀರಪ್ಪ ಹೆಮ್ಮೆಯಿಂದ ಸರ್ರನೆ ಎಳೆದ. ರೇವಣಕರರ ಬೂಟುಗಳು ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟವು.

"ಯಾವಾಗ ಮಾಡಿದ್ರಿ ಇದನ್ನ?"

"ನಿನ್ನೆ ಸಂಜಿಗೆ ಮುಗೀತ್ರಿ" ಎಂದ ಫಕೀರಪ್ಪ. "ತಡಾ ಆಯ್ತು, ಇಲ್ಲಾಂದ್ರ ಇನ್ನೊಂದು ಕೈ ಪಾಲಿಶ್ ಕೊಡ್ತಿದ್ದೆ."

ಅವರು ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ನನ್ನ ಮೈಗೆ ಒತ್ತಿ ಒತ್ತಿ ನೋಡಿದರು. ಬಾಗಿಲ ಬುಡದ ಪಟ್ಟಿ ನೋಡಿದರು; ಅದರಲ್ಲಿ ಮಸಿಯ ಒಂದು ಅಂಕಿಯೂ ಉಳಿದಿರಲಿಲ್ಲ. ಆಮೇಲೆ ಮೊಣಕಾಲೂರಿ, ಕನ್ನಡಿ ಮತ್ತು ಟಾರ್ಚು ಹಿಡಿದು ಎಂಜಿನ್ನಿನ ಬಗಲಿಗೆ ತಲೆಹಾಕಿದರು. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಕಿಸೆಯಿಂದ ಒಂದು ಫೋಟೋ ತೆಗೆದರು. ಕಾರ್ಖಾನೆಯ ದಫ್ತರಿನಿಂದ ತರಿಸಿದ್ದು.

"ಹದಿನೇಳನೇ ಕಾರಿನ ಗುರುತು ಇದು. ಇಲ್ಲಿ ನೋಡ್ರಿ, ಏಳು ವಾಲೇತಿ."

"ಹೌದ್ರೀ!" ಫಕೀರಪ್ಪನ ದನಿ ಅರಳಿತು. "ಎಡಕ್ಕ ವಾಲಿತ್ತು. ಇದ ಅದು. ನಾನ ತಿಕ್ಕಿ ಸಮಾ ಮಾಡೀನಿ."

ರೇವಣಕರ ಒಂದು ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು. ಹಳೆಯ ಬಣ್ಣ ಮಾಸಿದ್ದರೂ, ಸೀಳಿದ್ದರೂ, ಕೊಳ್ಳುವವನು ದುಡ್ಡು ಕೊಡುವುದು ಅದಕ್ಕೇ. ಅದು ಹೋದರೆ ಅರ್ಧ ಬೆಲೆ ಹೋಯಿತು. ನಂಬರು ಹೋದರೆ ಕಾರೇ ಹೋಯಿತು. ನಕಲಿ ಮಾಡಿ ಮಾರುವವರೂ, ಕದ್ದು ಮಾರುವವರೂ ಮೊದಲು ಉಜ್ಜುವುದು ಅದೇ ಜಾಗವನ್ನು.

"ಕಾಗದದಾಗ ಐತಲ್ರಿ ನಂಬರು" ಎಂದಳು ಕಸ್ತೂರಿ.

"ಕಾಗದದಾಗ ಐತಿ ತಂಗೀ, ಮೈಮ್ಯಾಲಿಲ್ಲ. ಈ ಕಾಗದ ಈ ಕಾರಿಂದ ಅಂತ ಯಾರು ಹೇಳಬೇಕು?"

"ನಾ ಹೇಳ್ತೇನಲ್ರಿ" ಎಂದ ಫಕೀರಪ್ಪ. "ನಲವತ್ತು ವರ್ಷ ನಾನ ನೋಡಿಕೊಂಡೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೇನಿ."

"ನನಗ ನಂಬಿಕಿ ಐತಿ. ಆದ್ರ ನನ್ನ ನಂಬಿಕಿಗೆ ಯಾರೂ ಮೂರು ಕೋಟಿ ಕೊಡೂದಿಲ್ರಿ." ಅವರು ನನ್ನ ಬೆನ್ನಿನ ಮೇಲೆ, ಬೆಸುಗೆ ಇರಬೇಕಾದ ಜಾಗದಲ್ಲಿ, ಬೆರಳಾಡಿಸಿದರು. "ಮುಂಬೈದಾಗ ಇಂಥಾ ಕೆಲಸ ಮಾಡೋರಿಲ್ಲ ಬಿಡ್ರಿ. ಇಷ್ಟ ಚಂದ ಮಾಡಿದ್ದ ಕೇಡಾತು."

ತಮ್ಮ ಫಾರಮಿನಲ್ಲಿ ಬೆಲೆಯ ಜಾಗದಲ್ಲಿ ಅವರು ಬರೆದದ್ದನ್ನು ಕಸ್ತೂರಿ ಗಟ್ಟಿಯಾಗಿ ಓದಿದಳು: "ಗುರುತು ದೃಢಪಟ್ಟಿಲ್ಲ. ಬೆಲೆ ಕಟ್ಟಲಾಗದು." ನಿಂಬೆವ್ವನಿಗೆ ಅರ್ಥವಾಗಲಿಲ್ಲವೋ ಏನೋ, ಒಳಗೆ ಹೋಗಿ ಸೂಸಲದ ತಾಟು ತಂದಿಟ್ಟಳು. ಆ ಮನುಷ್ಯ ಬೇಡ ಅನ್ನಲಾರದೆ, ತಲೆತಗ್ಗಿಸಿ, ಅದಷ್ಟನ್ನೂ ತಿಂದು ಹೋದರು.

ಆಮೇಲೆ ಇಬ್ಬರು ದಲ್ಲಾಳಿಗಳು ಬಂದು ನೋಡಿದರು. ನಂಬರಿಲ್ಲದ ಗಾಡಿ ಎಂದೊಡನೆ ಪೊಲೀಸರ ಹೆಸರೆತ್ತಿ ಹೊರಟುಹೋದರು. ಯುಗಾದಿಗೆ ಹತ್ತು ದಿನ ಮೊದಲು ಜಾಗ ಅಂಗಡಿ ಕಟ್ಟುವವರ ಪಾಲಾಯಿತು. ಕಸ್ತೂರಿ ಒಂದು ದೊಡ್ಡ ಶೋರೂಮಿನಲ್ಲಿ ಗಾಡಿ ತೊಳೆಯುವ ಕೆಲಸಕ್ಕೆ ಸೇರಿದಳು. ಪಾನಾ ಮುಟ್ಟಲು ಅಲ್ಲಿ ಅವಳನ್ನು ಬಿಡುವುದಿಲ್ಲ. ನಿಂಬೆವ್ವ ಬಾಡಿಗೆ ಖೋಲಿಗೆ ಪಾತ್ರೆ ಸಾಗಿಸುವಾಗ ನನ್ನ ಕಡೆ ನೋಡಲಿಲ್ಲ. ತನ್ನ ಕೈಯಿಂದಲೂ ಒಂದು ಗುರುತು ಅಳಿಸಿಹೋಗಿತ್ತೆಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ನನ್ನನ್ನು ಇಡಲು ಜಾಗವಿರಲಿಲ್ಲ. ನಂಬರಿಲ್ಲದ ಇಡೀ ಗಾಡಿಯನ್ನು ಗುಜರಿಯವನೂ ಮುಟ್ಟುವುದಿಲ್ಲ. ತುಂಡು ಮಾಡಿ ತಂದರೆ ಮಾತ್ರ ತೂಗುತ್ತಾನೆ. ಹೀಗಾಗಿ ಆ ಶೆಡ್ಡಿನಲ್ಲಿ ಫಕೀರಪ್ಪ ಮಾಡಿದ ಕಡೆಯ ಕೆಲಸ ನನ್ನದೇ. ಗ್ಯಾಸ್ ಕಟ್ಟರ್ ಹಚ್ಚಿ ಒಂದು ಹಗಲೆಲ್ಲ ಕೊಯ್ದ. ಬೆಸೆದ ಜಾಗ ಯಾವುದೆಂದು ಅವನೂ ಹುಡುಕಬೇಕಾಯಿತು. ನೋವಾಯಿತೇ ಎಂದು ಕೇಳಿದರೆ, ಅಷ್ಟು ನೇರವಾಗಿ ಕೊಯ್ಯುವ ಕೈ ನೋವು ಕೊಡುವುದಿಲ್ಲ ಎನ್ನಬಹುದು.

ಈಗ ಗುಜರಿ ಅಂಗಳದಲ್ಲಿ ಎರಡು ಗುಡ್ಡೆಯಾಗಿ ಬಿದ್ದಿದ್ದೇನೆ: ಬೀಡು ಕಬ್ಬಿಣ ಒಂದು ಕಡೆ, ತಗಡು ಒಂದು ಕಡೆ. ನನ್ನನ್ನು ಮಾಡಿದವರೂ ಪ್ರೀತಿಯಿಂದ ಮಾಡಿದರು, ಅಳಿಸಿದವರೂ ಪ್ರೀತಿಯಿಂದ ಅಳಿಸಿದರು. ಹಾಗೆಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅದರಿಂದ ಆ ಮನೆಯವರಿಗೆ ಒಂದು ಅಡಿ ಜಾಗವೂ ಹುಟ್ಟಲಿಲ್ಲ.

ತೂಗಿದ ದಿನ ಗುಜರಿಯವನು ನನ್ನ ಬಾಗಿಲ ತುಂಡನ್ನು ಬಿಸಿಲಿಗೆ ಎತ್ತಿ ಹಿಡಿದು ಬೆರಗಾದ. "ಏನ್ ಬಣ್ಣ ಹೊಡದಾನೋ ಮಾರಾಯಾ! ಯಾರ ಕೈಕೆಲಸ ಇದು?"

ಫಕೀರಪ್ಪ ತೂಕದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಒಡೆದ ಹಿಮ್ಮಡಿಗಳು ಗೇಟಿನ ಕಡೆ ತಿರುಗಿದವು.

"ಗೊತ್ತಿಲ್ರಿ" ಎಂದ.

ಅವನು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.