ಹಡಗು ಬರುವವರೆಗಿನ ಗವರ್ನರ್

ಸುಣ್ಣದ ನೀರಿನಲ್ಲಿ ನೆನೆಸಿದ ಮುಸುಕಿನ ಜೋಳವನ್ನು ಕಲ್ಲಿನ ಮೇಲೆ ಹಾಕಿ ದೊಮಿಂಗಾ ಇನ್ನೇನು ಅರೆಯಬೇಕು, ಅಷ್ಟರಲ್ಲಿ ಕಾವಲಿನ ಸಿಪಾಯಿ ಬೇಲಿಯಾಚೆಯಿಂದಲೇ ಕೂಗಿದ. ಗವರ್ನರ್ ಜ್ವರದಲ್ಲಿ ತೀರಿಕೊಂಡಿದ್ದರು. ಮನಿಲಾದ ಹಡಗಿನಲ್ಲಿ ಹೊಸಬರು ಬರುವವರೆಗೆ ಗುವಾಮ್ ದ್ವೀಪಕ್ಕೆ ಅವಳ ಗಂಡ, ಗವರ್ನರರ ನಂತರದ ಅಧಿಕಾರಿಯಾಗಿದ್ದ ಸ್ಪೇನಿನ ಸಾರ್ಜೆಂಟ್ ಮೇಜರ್ ಇಲ್ದೆಫೊನ್ಸೊನೇ ಗವರ್ನರ್.

"ಗವರ್ನರ್ ಹೆಂಡ್ತಿ ಇನ್ನೂ ಜೋಳ ಅರೀತಾಳಾ?" ಎಂದ ಸಿಪಾಯಿ.

"ನೀನೇ ಬಂದು ಅರಿ. ನಾನು ಕೂತು ನೋಡ್ತೀನಿ," ಎಂದಳು ಅವಳು.

ಬಾಯಿ ಹಾಗೆಂದರೂ ಅವಳ ಮನಸ್ಸು ತಮ್ಮ ಅನ್ಸೆಲ್ಮೊ ಇದ್ದ ಸೆರೆಮನೆಯ ಕಡೆ ಹೋಗಿತ್ತು. ತನ್ನ ಹೊಲದ ಕೆಸುವಿನ ಗಡ್ಡೆ ಕೊಳೆಯುತ್ತಿದೆಯೆಂದು ಅವನು ಗವರ್ನರರ ಹೊಲದ ಬಿಟ್ಟಿ ಕೆಲಸಕ್ಕೆ ಹೋಗಿರಲಿಲ್ಲ. ಬರುವ ಹಡಗಿನಲ್ಲೇ ಅವನಿಗೆ ಬೇಡಿ ಹಾಕಿ ಮನಿಲಾಕ್ಕೆ ಸಾಗಿಸಬೇಕೆಂದು ಈಗ ಸತ್ತ ಗವರ್ನರರೇ ತೀರ್ಪು ಕೊಟ್ಟಿದ್ದರು. ಹಾಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. "ನಾನು ಸಿಪಾಯಿ, ನನ್ನ ಕೈಯಲ್ಲೇನಿದೆ," ಎಂದು ಆಗ ಇಲ್ದೆಫೊನ್ಸೊ ಹೆಂಡತಿಯ ಮುಖ ನೋಡದೆ ಹೇಳಿದ್ದ.

ಮಧ್ಯಾಹ್ನ ಅವನು ಅಧಿಕಾರದ ಬೆತ್ತ ಹಿಡಿದು ಮನೆಗೆ ಬಂದ. ದೊಮಿಂಗಾಳ ತಾಯಿಯೂ ಬಂದಿದ್ದಳು. ಹಿರಿಯರ ಕೈಯನ್ನು ಬಗ್ಗಿ ಮೂಗಿಗೆ ತಾಗಿಸಿಕೊಳ್ಳುವುದು ಆ ಊರಿನ ಪದ್ಧತಿ. ಮದುವೆಯಾದಂದಿನಿಂದ ಅವನು ಅತ್ತೆಗೆ ಅದನ್ನು ತಪ್ಪಿಸಿದವನಲ್ಲ. ಇವತ್ತೂ ಬಗ್ಗಿದ. ಮುದುಕಿ ತನ್ನ ಕೈ ಕೊಡಲಿಲ್ಲ. ಅವನ ಕೈಯನ್ನೇ ಹಿಡಿದೆತ್ತಿ ತನ್ನ ಮೂಗಿಗೆ ತಾಗಿಸಿಕೊಂಡಳು.

"ಏನತ್ತೆ ಇದು, ಬಿಡಿ."

"ಇನ್ನು ಮೇಲೆ ನೀನೇ ಅಲ್ವೇನಪ್ಪ ದೊಡ್ಡವನು," ಎಂದಳು ಮುದುಕಿ. ಅಷ್ಟೇ. ಮಗನ ಹೆಸರೆತ್ತಲಿಲ್ಲ.

ಅವನು ಊಟಕ್ಕೆ ಕುಳಿತ. ಜೋಳದ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ಬೆವರು ಒರೆಸಿಕೊಳ್ಳುವವನಂತೆ ಆ ಕೈಯನ್ನು ಷರಾಯಿಗೆ ಉಜ್ಜಿದ.

"ನಾನು ನಾಲ್ಕು ದಿನದ ಗವರ್ನರು," ಎಂದ, ಯಾರೂ ಕೇಳದಿದ್ದರೂ. "ಹಡಗು ಬರ್ಲಿ. ಹೊಸಬರನ್ನ ಕೇಳಿ ನೋಡ್ತೀನಿ."

ದೊಮಿಂಗಾ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಮುದುಕಿ ಅಂಗಳದ ಕೋಳಿ ನೋಡುತ್ತಿದ್ದಳು. ಏಳು ವರ್ಷದ ಕಸಿಲ್ದಾ ಮಾತ್ರ ಅಪ್ಪನ ಪಕ್ಕದಲ್ಲಿ ಕುಳಿತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಬೆಳಗಿನಿಂದ ಅವಳ ಬಾಯಿಗೆ ಬಂದದ್ದನ್ನು ಅಮ್ಮ ಕಣ್ಣಲ್ಲೇ ತಡೆದಿದ್ದಳು. ಈಗ ಅಮ್ಮನ ಬೆನ್ನು ಇತ್ತ ಕಡೆಗಿತ್ತು.

"ಹಡಗು ಬಂದ್ರೆ ಮಾವನ್ನ ಕರ್ಕೊಂಡು ಹೋಗ್ಬಿಡುತ್ತಲ್ಲಪ್ಪಾ," ಎಂದಳು ಮಗು. "ಇವತ್ತೇ ಬಿಡೋಕೆ ನೀನು ಇನ್ನೂ ಯಾರನ್ನ ಕೇಳ್ಬೇಕು?"